ಪಾಲು ಹಂಚಿ ಬಂದೆ, ಪುಟ್ಟಿ

ಸ್ಪ್ರಿಂಗ್ ಗ್ರೀನ್, ವಿಸ್ಕಾನ್ಸಿನ್
ಡಿಸೆಂಬರ್ 6

ಪ್ರೀತಿಯ ಪುಟ್ಟಿ,

ರಿಸಲ್ಟ್ ಬಂತು. ನೀನು ಬೇಟೆಯಾಡಿದ ಜಿಂಕೆಗೆ ಕಾಯಿಲೆ ಇಲ್ಲ. ಬೆಳಿಗ್ಗೆ ಅಪ್ಪ ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದು ಹೇಳಿದರು. ನಾನು ಕೈ ತೊಳೆದು ದೇವರಿಗೆ ದೀಪ ಹಚ್ಚಿದೆ. ಆಮೇಲೆ ಫ್ರೀಜರ್ ತೆಗೆದೆ. "ರಿಸಲ್ಟ್ ಬರೋವರೆಗೂ ಮುಟ್ಟಬೇಡಿ" ಅಂತ ನೀನು ಅಂಟಿಸಿದ್ದ ಚೀಟಿ ಈ ಕವರಿನಲ್ಲೇ ಇದೆ ನೋಡು.

ಈ ಸಲ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕೋಳಿ ಸಾರೇ ಆಯಿತು. ನಿನಗೆ ಬೇಜಾರಾಗಿತ್ತು, ಗೊತ್ತು. ಆದರೆ ಕಾದಿದ್ದೇ ಒಳ್ಳೆಯದು. ಸಿಡಬ್ಲ್ಯೂಡಿ ಅನ್ನೋ ಈ ಜಿಂಕೆ ಕಾಯಿಲೆ ಈ ರಾಜ್ಯದಲ್ಲಿ ಮೊದಲು ಪತ್ತೆಯಾಗಿದ್ದು 2002ರಲ್ಲಿ. ಈಗ ನಮ್ಮ ಸಾಕ್ ಕೌಂಟಿಯ ಸುತ್ತಮುತ್ತಲೇ ಜಾಸ್ತಿ. ಮಿದುಳು ಕೆಟ್ಟು, ಜಿಂಕೆ ಬಡಕಲಾಗಿ ಸಾಯುತ್ತೆ. ಮನುಷ್ಯರಿಗೆ ಬಂದಿದ್ದು ಇದುವರೆಗೆ ಕಂಡಿಲ್ಲ. ಆದರೂ ಕಾಯಿಲೆ ಇರುವ ಜಿಂಕೆ ತಿನ್ನಬೇಡಿ ಅಂತಲೇ ಹೇಳುತ್ತಾರೆ. ಪರೀಕ್ಷೆಗೆ ಅಂತ ಜಿಂಕೆಯ ತಲೆಯನ್ನು ಆ ಪೆಟ್ಟಿಗೆಯಲ್ಲಿ ಇಟ್ಟು ಬರುವಾಗ ಕಾರಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ನಾನೂ ಆಡಿಸಲಿಲ್ಲ.

ಅವತ್ತಿನಿಂದ ಒಂದು ಮಾತು ನನ್ನೊಳಗೇ ಉಳಿದಿದೆ.

ಬೇಟೆ ಸೀಸನ್‌ನ ಆ ಮೊದಲ ಶನಿವಾರ ನೀವಿಬ್ಬರೂ ಕಿತ್ತಳೆ ಜಾಕೆಟ್ ಹಾಕಿಕೊಂಡು ಕತ್ತಲಲ್ಲೇ ಹೊರಟಿರಿ. ಬೆಳಕು ಹರಿದ ಸ್ವಲ್ಪ ಹೊತ್ತಿಗೆ ದೊಡ್ಡ ಕೊಂಬಿನ ಗಂಡು ಜಿಂಕೆ ಬಂತಂತೆ. ದಿಬ್ಬದ ನೆತ್ತಿಯಲ್ಲಿ, ಹಿಂದೆ ಬರೀ ಆಕಾಶ. ನೀನು ಕೋವಿ ಎತ್ತಿದೆ, ಹಾಗೇ ಇಳಿಸಿದೆ. "ಆಚೆ ರಸ್ತೆ ಇದೆ ಅಪ್ಪಾ" ಅಂದೆಯಂತೆ. ಅಪ್ಪ ಇದನ್ನು ಎಷ್ಟು ಜನಕ್ಕೆ ಫೋನ್ ಮಾಡಿ ಹೇಳಿದ್ದಾರೋ! ಹೊಡೆದ ಜಿಂಕೆಗಿಂತ ಹೊಡೆಯದೆ ಬಿಟ್ಟ ಜಿಂಕೆಯ ಕತೆಯೇ ಅವರಿಗೆ ದೊಡ್ಡದು. ನನಗೂ ಅಷ್ಟೇ.

ನಿನಗೆ ಹನ್ನೆರಡು ವರ್ಷ ಇದ್ದಾಗ ಬೇಟೆಯ ಕ್ಲಾಸಿಗೆ ಸೇರುತ್ತೀನಿ ಅಂದಿದ್ದೆ. ನಾನು ಎರಡು ದಿನ ಮಾತು ಬಿಟ್ಟಿದ್ದೆ. ಹುಡುಗಿಗೆ ಯಾಕೆ ಇದೆಲ್ಲ ಅಂತಲೂ ಅಂದುಬಿಟ್ಟೆ. ಆ ಮಾತು ತಪ್ಪು, ಪುಟ್ಟಿ. 1973ರಿಂದ ಈಚೆಗೆ ಹುಟ್ಟಿದವರಿಗೆ ಆ ಕೋರ್ಸ್ ಕಡ್ಡಾಯ ಅಂತ ಅಪ್ಪನೂ ಮಕ್ಕಳ ಜೊತೆ ಬೆಂಚಿನಲ್ಲಿ ಕೂತರಲ್ವಾ? ಗುರಿಯ ಹಿಂದೆ ಏನಿದೆ ನೋಡು ಅಂತ ಅಲ್ಲಿ ಹೇಳಿಕೊಟ್ಟಿದ್ದು ಅವತ್ತು ಆ ದಿಬ್ಬದ ಹತ್ತಿರ ಕೆಲಸಕ್ಕೆ ಬಂತು.

ಸಂಜೆ ನೀನು ಹೊಡೆದ ಹೆಣ್ಣು ಜಿಂಕೆಯನ್ನು ಎಳೆದು ತರಲು ನಾನೂ ಬಂದೆ. ಅದರ ಮೈಯಿಂದ ಇನ್ನೂ ಹಬೆ ಏಳುತ್ತಿತ್ತು. ಕಣ್ಣ ರೆಪ್ಪೆ ಉದ್ದ, ಕಿವಿಯ ಒಳಗೆ ಬಿಳಿ ಕೂದಲು. ಹೊಟ್ಟೆಯೊಳಗೆ ಅರ್ಧ ಅಗಿದ ಓಕ್ ಕಾಯಿ, ಜೋಳದ ಕಾಳು. ನೀನು ಗ್ಲೌಸ್ ತೆಗೆದು, ಬರಿಗೈಯನ್ನು ಅದರ ಕುತ್ತಿಗೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಚಳಿಗೆ ನಿನ್ನ ಬೆರಳು ಕೆಂಪಾಗಿದ್ದವು. ಫೋಟೋ ತೆಗೆಯೋಣ ಅಂತ ಜೇಬಿಗೆ ಕೈ ಹಾಕಿದವಳು ಸುಮ್ನೆ ನಿಂತುಬಿಟ್ಟೆ.

ನಮ್ಮ ಅಜ್ಜಿ ಪಾಲಿನ ಕತೆ ಹೇಳೋರು. 1972ರ ವನ್ಯಜೀವಿ ಕಾಯಿದೆಗೂ ಮುಂಚಿನ ಮಾತು, ತೀರ್ಥಹಳ್ಳಿ ಕಡೆ. ಶಿಕಾರಿಯಾದ ದಿನ ಮುತ್ತುಗದ ಎಲೆ ಹಾಸಿ ಪಾಲು ಹಾಕುತ್ತಿದ್ದರಂತೆ. ಈಡು ಹೊಡೆದವನಿಗೊಂದು, ಪ್ರಾಣಿ ಎಬ್ಬಿಸಲು ಹಳು ನುಗ್ಗಿದವರಿಗೆಲ್ಲ ಒಂದೊಂದು, ನಾಯಿಗಳಿಗೂ ಒಂದು. ಗಂಡು ದಿಕ್ಕಿಲ್ಲದ ಮನೆಗೂ ಎಲೆ ಕಟ್ಟಿ ಕಳಿಸೋರಂತೆ. ಈಗ ಅಲ್ಲಿ ಜಿಂಕೆ ಹೊಡೆದರೆ ಜೈಲು, ಅದೇ ಸರಿ ಕೂಡ. ಇಲ್ಲಿಯ ಲೆಕ್ಕ ಬೇರೆ. ಜಿಂಕೆ ತಿನ್ನೋ ತೋಳಗಳು ಹೆಚ್ಚಾಗಿ ಉತ್ತರದ ಕಾಡಲ್ಲಿವೆ, ನಮ್ಮ ಕಡೆ ಹೊಲದ ತುಂಬ ಜಿಂಕೆ. ನವೆಂಬರ್‌ನಲ್ಲಿ ಅಪ್ಪ ಕತ್ತಲಾದ ಮೇಲೆ ಕಾರು ಎಷ್ಟು ನಿಧಾನ ಓಡಿಸುತ್ತಾರೆ ನೋಡಿದ್ದೀಯಲ್ಲ. ಆದರೆ ಪಾಲು ಮಾತ್ರ ಅಲ್ಲಿಯೂ ಇಲ್ಲಿಯೂ ಪಾಲೇ.

ಅದಕ್ಕೇ ಇವತ್ತು ಮೊದಲ ಪಾಲು ತೋಟದ ಅಜ್ಜನಿಗೆ. ಅವರ ಜಾಗದಲ್ಲೇ ಅಲ್ವಾ ನೀನು ಕೂತಿದ್ದು. ಈಗ ಅವರ ಮೊಣಕಾಲು ಏಣಿ ಹತ್ತಲು ಬಿಡಲ್ಲ. ನಾವು ಈ ಊರಿಗೆ ಬಂದ ಮೊದಲ ಚಳಿಗಾಲ ಬಾಗಿಲು ತಟ್ಟಿ, ಪೇಪರಲ್ಲಿ ಸುತ್ತಿದ ಮಾಂಸ ಕೊಟ್ಟು ಹೋದವರು ಅವರೇ. ನಮಗೆ ಒಬ್ಬರ ಪರಿಚಯವೂ ಇರಲಿಲ್ಲ ಆಗ. ಇವತ್ತು ಅವರಿಗೆ ಬೆನ್ನಿನ ಮಾಂಸ, ಜೊತೆಗೆ ನೀನು ಎತ್ತಿಡು ಅಂದಿದ್ದ ಹೃದಯ ಕೊಟ್ಟೆ. ಎರಡೂ ಕೈಯಲ್ಲಿ ಇಸಿದುಕೊಂಡು, ಯಾವ ಮರದ ಹತ್ತಿರ ಸಿಕ್ಕಿತು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ನೀನೇ ಫೋನ್ ಮಾಡಿ ಹೇಳು, ಕಾಯುತ್ತಿದ್ದಾರೆ.

ಎರಡನೆಯದು ನಿನ್ನ ಬೇಟೆ ಕ್ಲಾಸಿನ ಮೇಷ್ಟ್ರ ಮನೆಗೆ. ಮೂರನೆಯದು ಎದುರುಮನೆಯ ಬಾಣಂತಿಗೆ.

ನಮ್ಮ ಪಾಲಲ್ಲಿ ಸ್ವಲ್ಪ ತೆಗೆದು ರಾತ್ರಿಗೆ ಕಾಳುಮೆಣಸು ಹಾಕಿ ಹುರಿದೆ, ಅಜ್ಜಿ ಮಾಡೋ ಹಾಗೆ. ಅಕ್ಕಿ ರೊಟ್ಟಿ ತಟ್ಟಿದೆ. ಅಪ್ಪ ತಟ್ಟೆಯ ಮುಂದೆ ಒಂದು ನಿಮಿಷ ಕೈ ಮುಗಿದು ಕೂತರು. ನಿನ್ನ ಪಾಲು ಫ್ರೀಜರ್‌ನ ಕೆಳಗಿನ ಖಾನೆಯಲ್ಲಿದೆ, ಹೆಸರು ಬರೆದಿದ್ದೇನೆ. ಕ್ರಿಸ್‌ಮಸ್ ರಜೆಗೆ ಬರುವಾಗ ಐಸ್ ಪೆಟ್ಟಿಗೆ ತಗೊಂಡು ಬಾ. ಹೋದ ಸಲದ ಸ್ಟೀಲ್ ಡಬ್ಬಿಗಳನ್ನೂ.

ನಿನ್ನ,
ಅಮ್ಮ