ಮಗಳಿಗೊಂದು ಪತ್ರ: ಸ್ತೋತ್ರ ಯಾರ ಮುಖ ನೋಡಿ ಹೇಳೋದು?

ಪ್ರೀತಿಯ ಮಗಳೇ,

ಕರ್ತನಿಗೆ ಸ್ತೋತ್ರ! ವಿಚಾರಣೆಯಲ್ಲಿ ನಿನ್ನ ತಪ್ಪೇನೂ ಇಲ್ಲ ಅಂತ ತೀರ್ಮಾನವಾದ ಸುದ್ದಿ ಕೇಳಿ ನಾನೂ ಅಪ್ಪನೂ ಅಲ್ಲೇ ಮೊಣಕಾಲೂರಿದೆವು. ಅಪ್ಪನಿಗೆ ಮಾತೇ ಹೊರಡಲಿಲ್ಲ. ಸುಮ್ನೆ "ಸ್ತೋತ್ರ ಸ್ವಾಮಿ, ಸ್ತೋತ್ರ ಸ್ವಾಮಿ" ಅನ್ನುತ್ತಲೇ ಇದ್ದರು. ಲೆಕ್ಕದ ಹಣ ತಿಂದವಳು ಅನ್ನೋ ಅಪವಾದ ಹೊತ್ತುಕೊಂಡು ದಿನಾ ಅದೇ ಆಫೀಸಿಗೆ ಹೋಗಿ, ಅದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ್ದೀಯ. ಇದು ಚಿಕ್ಕ ಜಯವಲ್ಲ.

ಭಾನುವಾರ ಚರ್ಚಿನ ಸಭೆಯಲ್ಲಿ, ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳುತ್ತೇನೆ ಅಂದಿದ್ದೀಯ. ಖಂಡಿತ ಹೇಳು. "ವೈರಿಗಳು" ಅನ್ನಬಹುದಾ ಅಂತ ಕೇಳಿದ್ದೀಯಲ್ಲ, ಧಾರಾಳವಾಗಿ ಅನ್ನು. ಕ್ರೈಸ್ತರಿಗೆ ವೈರಿಗಳೇ ಇರಬಾರದು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ವೈರಿಗಳನ್ನು ಪ್ರೀತಿಸಿ ಅಂತ ಯೇಸು ಹೇಳಿದ್ದು ಅವರು ಇದ್ದೇ ಇರುತ್ತಾರೆ ಅಂತ ಗೊತ್ತಿದ್ದೇ ಅಲ್ವಾ? ಬೈಬಲಿನ ಕೀರ್ತನೆಗಳಿಂದ ವೈರಿಗಳನ್ನೆಲ್ಲ ತೆಗೆದು ಹಾಕಿದರೆ ಎಷ್ಟು ಹಾಳೆ ಉಳಿದೀತು?

ನನ್ನ ತಕರಾರು ಇರೋದು ನಿನ್ನ ವಾಟ್ಸಾಪ್ ಸ್ಟೇಟಸ್ ಬಗ್ಗೆ. 23ನೇ ಕೀರ್ತನೆಯ ಔತಣದ ವಚನ ಹಾಕಿದ್ದೀಯ, ವಿರೋಧಿಗಳ ಮುಂದೆಯೇ ನನಗೆ ಔತಣ ಸಿದ್ಧಮಾಡುತ್ತೀ ಅನ್ನೋದು. ಅದರ ಕೆಳಗೆ ಒಂದು ಕಿರೀಟ, ಒಂದು ಬೆಂಕಿ. ನಿನ್ನ ಮೇಲೆ ಅಪವಾದ ಹೊರಿಸಿದ ಆ ಇಬ್ಬರ ಹತ್ತಿರವೂ ನಿನ್ನ ನಂಬರ್ ಇದೆ. ಅವರು ನೋಡಿದರಾ ಅಂತ ಎಷ್ಟು ಸಲ ತೆಗೆದು ನೋಡಿದೆಯೋ, ನಾನು ಕೇಳಲ್ಲ. ಆದರೆ ಆ ವಚನವನ್ನು ಇನ್ನೊಂದು ಸಲ ಓದು. ಕೀರ್ತನೆ ಹಾಡಿದ ದಾವೀದ ರಾಜ ಅದನ್ನು ದೇವರ ಮುಖ ನೋಡಿ ಹೇಳುತ್ತಿದ್ದಾನೆ. ವಿರೋಧಿಗಳು ಅಲ್ಲೇ ಇದ್ದಾರೆ, ನಿಜ. ಅವರ ಜೊತೆ ಮಾತ್ರ ಅವನು ಒಂದು ಮಾತೂ ಆಡಲ್ಲ.

18ನೇ ಕೀರ್ತನೆ ತೆಗೆದು ನೋಡು. ತನ್ನನ್ನು ಕೊಲ್ಲೋಕೆ ಅಟ್ಟಿಸಿಕೊಂಡು ಬರುತ್ತಿದ್ದ ರಾಜ ಸೌಲನ ಕೈಯಿಂದಲೂ ಎಲ್ಲಾ ಶತ್ರುಗಳ ಕೈಯಿಂದಲೂ ದೇವರು ಬಿಡಿಸಿದ ಮೇಲೆ ದಾವೀದ ಹಾಡಿದ್ದು ಅದು. 2 ಸಮುವೇಲ 22ರಲ್ಲಿ ಅದೇ ಹಾಡು ಮತ್ತೆ ಬರುತ್ತದೆ. ಒಟ್ಟು 50 ವಚನ. ಸೌಲನ ಹೆಸರು ಮೇಲಿನ ಶೀರ್ಷಿಕೆಯಲ್ಲಿ ಇದೆ, ಹಾಡಿನೊಳಗೆ ಎಲ್ಲೂ ಇಲ್ಲ. ಅಷ್ಟು ವರ್ಷ ಕಾಡುಮೇಡು ಅಲೆಸಿದವನ ಹೆಸರು! ಹಾಡಿನ ತುಂಬ ಇರೋದು ದೇವರು. ನನ್ನ ಬಂಡೆ, ನನ್ನ ಕೋಟೆ, ನನ್ನ ಗುರಾಣಿ. ನನ್ನನ್ನು ನೀರಿನಿಂದ ಮೇಲಕ್ಕೆ ಎಳೆದುಕೊಂಡ, ವಿಶಾಲವಾದ ಜಾಗಕ್ಕೆ ತಂದ. ವೈರಿಗಳನ್ನು ಧೂಳಿನಂತೆ ಪುಡಿ ಮಾಡಿದೆ ಅನ್ನೋ ಮಾತೂ ಅದರಲ್ಲಿದೆ, ಮುಚ್ಚಿಡೋದು ಬೇಡ. ಆದರೆ ಸೌಲ ಸತ್ತ ಸುದ್ದಿ ಬಂದಾಗ ಇದೇ ದಾವೀದ ಬಟ್ಟೆ ಹರಿದುಕೊಂಡು, ಸಂಜೆಯವರೆಗೂ ಉಪವಾಸವಿದ್ದು ಅತ್ತ. ಅವನಿಗಾಗಿ ಶೋಕಗೀತೆ ಕಟ್ಟಿ, ಯೆಹೂದದವರಿಗೆ ಕಲಿಸಿ ಅಂದ.

ಇನ್ನೊಂದು ಹಾಡು ನ್ಯಾಯಸ್ಥಾಪಕರು 5ರಲ್ಲಿದೆ, ಇಸ್ರಾಯೇಲ್ಯರನ್ನು ನಡೆಸಿದ ದೆಬೋರಳದ್ದು. ಶತ್ರುಗಳ ಸೇನಾಪತಿ ಸೀಸೆರನ ಸೈನ್ಯ ಸೋತ ದಿನ ಹಾಡಿದ್ದು. ಬೈಬಲಿನಲ್ಲಿ ಇಷ್ಟು ಜೋರಾಗಿ, ಇಷ್ಟು ಖುಷಿಯಾಗಿ ಹಾಡಿದ ಹೆಂಗಸರು ಕಡಿಮೆ. ಅದರ ಕೊನೆಯಲ್ಲಿ ಸೀಸೆರನ ತಾಯಿ ಬರುತ್ತಾಳೆ. ಕಿಟಕಿಯ ಹತ್ತಿರ ನಿಂತು, ಮಗನ ರಥ ಯಾಕೆ ಇನ್ನೂ ಬರಲಿಲ್ಲ ಅಂತ ಇಣುಕುತ್ತಾಳೆ. ಕೊಳ್ಳೆ ಹಂಚಿಕೊಳ್ಳುತ್ತಿರಬೇಕು, ಒಬ್ಬೊಬ್ಬನಿಗೆ ಒಬ್ಬಳೋ ಇಬ್ಬರೋ ಹುಡುಗಿಯರು ಸಿಕ್ಕಿರಬೇಕು ಅಂತ ಸುತ್ತಲಿನವರ ಜೊತೆ ತಾನೂ ಸಮಾಧಾನ ಮಾಡಿಕೊಳ್ಳುತ್ತಾಳೆ. ಆ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆಯವರ ಹೆಣ್ಣುಮಕ್ಕಳು ಇವಳ ಮಗನಿಗೆ ಕೊಳ್ಳೆಯ ಸಾಮಾನು! ಆದರೂ ಆ ಕಿಟಕಿ ಬಂದಾಗ ನಾನು ಓದುವುದನ್ನು ನಿಲ್ಲಿಸುತ್ತೇನೆ. ಅವನು ಸತ್ತಿದ್ದಾನೆ, ಬರಲ್ಲ ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ದೆಬೋರ ಅವಳನ್ನು ಕೆಣಕೋಕೆ ಹಾಡಿದಳೋ ಏನೋ. ನಿನ್ನ ಆ ಇಬ್ಬರು ವೈರಿಗಳಿಗೂ ಎಲ್ಲೋ ತಾಯಂದಿರು ಇರುತ್ತಾರೆ, ಅಷ್ಟು ನೆನಪಿರಲಿ.

ನಿನ್ನ ಕಥೆ ನನಗೆ ನೆನಪಿಸೋದು ಯೆಹೂದದ ಅರಸ ಯೆಹೋಷಾಫಾಟನನ್ನು. ಮೋವಾಬ್ಯರು, ಅಮ್ಮೋನಿಯರು, ಸೇಯೀರ್ ಬೆಟ್ಟದವರು ಮೂರೂ ಕಡೆಯವರು ಸೇರಿ ಬಂದಾಗ ಅವನು ತನ್ನ ಪ್ರಾರ್ಥನೆಯನ್ನು ಮುಗಿಸಿದ್ದು ಹೀಗೆ: ನಮಗೆ ಏನು ಮಾಡಬೇಕೋ ತಿಳಿಯದು, ನಮ್ಮ ಕಣ್ಣು ನಿನ್ನ ಮೇಲೇ ಇದೆ. ಮರುದಿನ ಸೈನ್ಯದ ಮುಂದೆ ಹಾಡುವವರನ್ನು ನಿಲ್ಲಿಸಿದ. ಗೆದ್ದ ಮೇಲಲ್ಲ, ಹೋಗುವಾಗಲೇ. ಆತನ ಕೃಪೆ ಶಾಶ್ವತ ಅಂತ ಅವರು ಹಾಡತೊಡಗಿದಾಗ ಶತ್ರುಗಳು ತಮ್ಮತಮ್ಮಲ್ಲೇ ಕಡಿದಾಡಿ ಸತ್ತರು. ಇವರು ಕೊಳ್ಳೆ ಹೊರೋಕೇ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಬೆರಾಕಾ ಕಣಿವೆಯಲ್ಲಿ ಎಲ್ಲರೂ ಕೂಡಿ ಮತ್ತೆ ಸ್ತೋತ್ರ ಮಾಡಿದರು. ಇದೆಲ್ಲ 2 ಪೂರ್ವಕಾಲವೃತ್ತಾಂತ 20ರಲ್ಲಿದೆ.

ವಿಚಾರಣೆಗೆ ಒಳಗೆ ಹೋಗುವ ಮುಂಚೆ ನೀನು ಫೋನಿನಲ್ಲಿ ನನ್ನ ಜೊತೆ ಹಾಡಿದೆಯಲ್ಲ, ಎರಡನೆಯ ಸಾಲಿಗೇ ಗಂಟಲು ಕಟ್ಟಿಹೋಯಿತು. ಸಭೆಯಲ್ಲಿ ಅದನ್ನು ಹೇಳು. ಏನಾಗುತ್ತದೋ ಗೊತ್ತಿಲ್ಲದಾಗ ಹಾಡಿದ ಆ ಒಂದೂವರೆ ಸಾಲು ನನಗೆ ಸ್ಟೇಟಸ್‌ಗಿಂತ ದೊಡ್ಡದು. ಹಳೆಯ ರಸೀದಿ ಪುಸ್ತಕ ಹುಡುಕಿ ತಂದುಕೊಟ್ಟ ಆ ಅಟೆಂಡರ್ ಬಗ್ಗೆ ಹೇಳು. ನಿದ್ದೆ ಬಾರದ ರಾತ್ರಿಗಳ ಬಗ್ಗೆಯೂ ಹೇಳು. ಆ ಇಬ್ಬರ ಹೆಸರು ಬೇಡ. ಅವರಿಗೆ ಬೇರೆ ಕಡೆ ವರ್ಗವಾದದ್ದೂ ಬೇಡ, ಅದು ನಿನ್ನ ಸಾಕ್ಷಿಯ ಭಾಗವಲ್ಲ. ವೈರಿ ಬಿದ್ದಾಗ ಹಿಗ್ಗಬೇಡ ಅಂತ ಜ್ಞಾನೋಕ್ತಿ 24ರಲ್ಲಿ ಬರೆದಿದೆ. ಅವರನ್ನು ಕ್ಷಮಿಸಿಬಿಟ್ಟೆ ಅಂತಲೂ ಮೈಕಿನ ಮುಂದೆ ಹೇಳಬೇಡ. ಅದು ಇನ್ನೂ ಆಗಿಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನನಗೂ ಆಗಿಲ್ಲ ಕಣೇ. ಪ್ರಾರ್ಥಿಸೋಣ.

ಪೌಲ ಎಫೆಸದವರಿಗೆ ಬರೆದದ್ದು ನಿನಗೆ ಬಾಯಿಪಾಠ ಇದೆ, ನಮ್ಮ ಹೋರಾಟ ಮನುಷ್ಯರ ಜೊತೆ ಅಲ್ಲ ಅನ್ನೋದು. 1 ಕೊರಿಂಥ 15ರಲ್ಲಿ ಅವನು ಮರಣವನ್ನೇ ಕಡೆಯ ಶತ್ರು ಅನ್ನುತ್ತಾನೆ. ಕ್ರಿಸ್ತನ ಮೂಲಕ ನಮಗೆ ಜಯ ಕೊಡುವ ದೇವರಿಗೆ ಸ್ತೋತ್ರ ಅಂತ ಕುಣಿದು ಹೇಳೋದೂ ಅಲ್ಲೇ. ವಿಚಾರಣೆಯಲ್ಲಿ ನೀನು ಸೋತಿದ್ದರೂ ಆ ಸ್ತೋತ್ರ ಹಾಗೇ ಉಳಿಯುತ್ತಿತ್ತು. ಸೋಲಲಿಲ್ಲವಲ್ಲ, ಅದಕ್ಕೆ ಇನ್ನೊಂದು ಸ್ತೋತ್ರ!

ಶನಿವಾರ ರಾತ್ರಿಯೇ ಹೊರಟು ಬರುತ್ತೇವೆ. ಅಪ್ಪ 124ನೇ ಕೀರ್ತನೆ ಓದುತ್ತಾರಂತೆ, ಪಾಸ್ಟರ್‌ಗೆ ಹೇಳಿಡು. ಇರೋದು ಎಂಟೇ ವಚನ. ಆದರೂ ನಿನ್ನ ಸಾಕ್ಷಿ ಮೊದಲು ಮುಗಿಸಿಕೋ. ಮೈಕ್ ಕೈಗೆ ಬಂದರೆ ಅವರು ಹೇಗೆ ಅಂತ ಗೊತ್ತಲ್ಲ.

ನಿನ್ನ ಅಮ್ಮ