ನಾಲ್ಕನೇ ಜ್ವರ

ಚಿನ್ನೂ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. ಟೀಚರ್‌ಗಳ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಟೌನಿನ ಶಾಲೆಯೇ ಖಾಲಿ ಇತ್ತಲ್ಲ, ಅದನ್ನು ಬಿಟ್ಟು ಆ ಊರಿಗೇ ಯಾಕೆ ಹೋದೆಯಮ್ಮಾ ಅಂದೆ. "ಹತ್ತಿರ ಅಂತ" ಅಂದುಬಿಟ್ಟೆ. ಸುಳ್ಳು. ಶಿಡ್ಲಘಟ್ಟದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು, ಅದು ಬಂದಾಗ ಬಂತು.

ಸೇರಿದ ಎರಡನೇ ವಾರ ಯಾರಿಗೋ ಶಾಲಾ ದಾಖಲೆ ಬೇಕಾಗಿತ್ತು. ಹಳೇ ಅಡ್ಮಿಷನ್ ರಿಜಿಸ್ಟರ್ ತೆಗೆದೆ. ಸುಮ್ನೆ ಹಿಂದಕ್ಕೆ ಮಗುಚುತ್ತಾ ಹೋದರೆ 1984ರ ಜೂನ್‌ನಲ್ಲಿ ನಾನೇ ಸಿಕ್ಕೆ. ಜಿಲ್ಲೆ ಕೋಲಾರ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ ಅಲ್ವಾ. ಮಾತೃಭಾಷೆ ತೆಲುಗು. ತಂದೆಯ ಕೆಲಸ ವ್ಯವಸಾಯ. ಹುಟ್ಟಿದ ದಿನ ಜೂನ್ 1. ಆ ಪುಟದಲ್ಲಿ ಇನ್ನೂ ಆರು ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದಾರೆ! ನೀನು ಪ್ರತಿ ವರ್ಷ ಕೇಕ್ ತಂದು ಕತ್ತರಿಸುವುದು ಯಾವುದೋ ಮೇಷ್ಟ್ರು ಅಂದಾಜಿಗೆ ಬರೆದ ತಾರೀಖಿಗೆ.

ಆ ರಿಜಿಸ್ಟರ್‌ನಲ್ಲಿ ಇಲ್ಲದ ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಎಂಟು ದಿನ ಶಾಲೆಗೆ ಹೋಗಲಿಲ್ಲ. ಮನೆಯಲ್ಲಿ ಹುಳು ಮೇಯಿಸುತ್ತಿದ್ದೆವು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಕೂತಿರುತ್ತದೆ. ಮಕ್ಕಳಿಗೂ ಬಿಡುವು. ಆದರೆ ನಾಲ್ಕನೇ ಜ್ವರ ಎದ್ದಮೇಲೆ ಒಂದು ವಾರ ತಿನ್ನುತ್ತದೆ ನೋಡು, ಹುಟ್ಟಿದಾಗಿನಿಂದ ತಿಂದದ್ದೆಲ್ಲ ಅದರ ಮುಂದೆ ಏನೂ ಅಲ್ಲ. ರಾತ್ರಿ ಮಲಗಿದ್ದರೆ ಮಳೆ ಬಂದ ಹಾಗೆ ಸದ್ದು. ಮನೆಯವರೆಲ್ಲ ಸೊಪ್ಪಿನ ಹಿಂದೆಯೇ. ಅಜ್ಜಿ ನನ್ನ ಬ್ಯಾಗನ್ನು ಗೂಟಕ್ಕೆ ನೇತುಹಾಕಿದರು, ಅಷ್ಟೇ.

ವಾಪಸ್ ಹೋದಾಗ ಮೇಷ್ಟ್ರು ಯಾಕೆ ಬರಲಿಲ್ಲ ಅಂದರು. "ನಾಲ್ಕನೇ ಜ್ವರ ಎದ್ದಿತ್ತು ಸಾರ್" ಅಂದೆ. ಅವರು ಮಲೆನಾಡಿನ ಕಡೆಯವರು, ಆ ವರ್ಷವೇ ಬಂದಿದ್ದರು. "ಅಯ್ಯೋ, ನಾಲ್ಕು ಸಲ ಜ್ವರ ಬಂತಾ?" ಅಂತ ಹಣೆ ಮುಟ್ಟಿ ನೋಡಿದರು. ಕ್ಲಾಸೆಲ್ಲ ನಕ್ಕಿತು. ವಿಷಯ ಗೊತ್ತಾದಮೇಲೆ ಅದೇ ಕೈಯಲ್ಲಿ ಎರಡು ಏಟು. ಏಟು ಮರೆತೆ. ಹಣೆ ಮುಟ್ಟಿದ್ದು ಮರೆತಿಲ್ಲ.

ಈಗ ನನ್ನ ಐದನೇ ಕ್ಲಾಸಿನಲ್ಲಿ ಒಬ್ಬಳಿದ್ದಾಳೆ. ಚುರುಕು, ಲೆಕ್ಕ ಅಂದರೆ ಮಾತ್ರ ಹಿಂದೆ ಸರಿಯುತ್ತಾಳೆ. ಹೋದ ವಾರ ಸೋಮವಾರದಿಂದ ಪತ್ತೆ ಇಲ್ಲ. ನಾಲ್ಕು ದಿನ ಗೈರು ಹಾಕಿದೆ. ಬೈದು ಬರೋಣ ಅಂತಲೇ ಗುರುವಾರ ಸಂಜೆ ಅವಳ ಮನೆಗೆ ಹೋದೆ. ಶಾಲೆಯಲ್ಲಿ ಹಾಲು, ಮೊಟ್ಟೆ, ಬಿಸಿಯೂಟ ಎಲ್ಲ ಕೊಡುತ್ತಿದ್ದೇವೆ, ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ, ಅಂತೆಲ್ಲ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಬಾಗಿಲಲ್ಲೇ ಆ ವಾಸನೆ ಬಂತು. ಬಾಡಿದ ಸೊಪ್ಪು, ಸುಣ್ಣ, ಹುಳು. ನಾನು ಜೋಡಿಸಿಕೊಂಡದ್ದೆಲ್ಲ ಎಲ್ಲಿಗೆ ಹೋಯಿತೋ. ಬಾಯಿಂದ ಬಂದದ್ದು, "ಎಷ್ಟು ಮೊಟ್ಟೆ?" ಹುಳುವಿನ ಮೊಟ್ಟೆ; ಒಂದು ಚಿಟ್ಟೆ ಇಟ್ಟ ರಾಶಿಗೇ ನಮ್ಮ ಕಡೆ ಒಂದು ಮೊಟ್ಟೆ ಅನ್ನುತ್ತಾರೆ, ಅದರಲ್ಲಿ ನೂರಾರು ಹುಳು.

"ನೂರು ಮೊಟ್ಟೆ ಮೇಡಂ. ಇವತ್ತು ಹಣ್ಣಾಗಿವೆ, ಕೂಲಿಯವರು ಕೈಕೊಟ್ಟರು" ಅಂದಳು ಅವಳ ತಾಯಿ. ಹುಡುಗಿ ಬುಟ್ಟಿ ಹಿಡಿದುಕೊಂಡು ನನ್ನನ್ನು ನೋಡದ ಹಾಗೆ ನಿಂತಿದ್ದಳು. ಹಣ್ಣು ಹುಳು ಅಂದರೆ ಗೂಡು ಕಟ್ಟಲು ತಯಾರಾದದ್ದು; ಅದನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಹಾಕುವುದು ತಡವಾದರೆ ನೂಲು ಅಲ್ಲೇ ಬಿಟ್ಟು ಹಾಳು ಮಾಡುತ್ತದೆ. ನಾನೂ ಸೆರಗು ಸಿಕ್ಕಿಸಿಕೊಂಡು ಕೂತೆ. ಮೂವತ್ತು ವರ್ಷವಾದರೂ ಕೈಗೆ ಗೊತ್ತಿದೆ, ಯಾವುದು ಹಣ್ಣು, ಯಾವುದಕ್ಕೆ ಇನ್ನೊಂದು ಸೊಪ್ಪು ಬೇಕು ಅಂತ.

ಆರಿಸುತ್ತಾ ಅವಳನ್ನು ಕೇಳಿದೆ, "ಒಂದು ಚಂದ್ರಿಕೆಗೆ ಸಾವಿರ ಹುಳು. ನಲವತ್ತು ಸಾವಿರಕ್ಕೆ?"

"ನಲವತ್ತು."

"ಇದೇ ಭಾಗಾಕಾರ ಕಣೇ."

"ಇದಾ?" ಅಂದಳು, ಮೋಸ ಹೋದವಳ ಹಾಗೆ.

ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಮಗುವನ್ನು ಮನೆಯಲ್ಲಿ ಇಟ್ಟುಕೊಂಡಿದ್ದಕ್ಕೆ ಕೇಳಲು ಹೋದ ಟೀಚರು ತಾನೂ ಕೆಲಸಕ್ಕೆ ಕೂತಳು ಅಂದರೆ ನಮ್ಮ ಹೆಡ್ ಮೇಡಂ ಏನನ್ನುತ್ತಾರೋ. ಅವರಿಗಿನ್ನೂ ಹೇಳಿಲ್ಲ. ಹೊರಡುವಾಗ ಅವಳ ತಾಯಿಗೆ ಒಂದೇ ಮಾತು ಹೇಳಿದೆ: ಮುಂದಿನ ಬೆಳೆಗೆ ಮೂರನೇ ಜ್ವರ ಬಂದಾಗಲೇ ನನಗೆ ತಿಳಿಸು, ಪಾಠ ಮುಂಚೆಯೇ ಮುಗಿಸಿಕೊಡುತ್ತೇನೆ, ಹಣ್ಣಾದ ದಿನ ಬಿಟ್ಟು ಮಿಕ್ಕ ದಿನ ಕಳಿಸಲೇಬೇಕು. ಹೂಂ ಅಂದಿದ್ದಾಳೆ. ಅಜ್ಜಿಯೂ ಹೀಗೇ ಹೂಂ ಅನ್ನುತ್ತಿದ್ದರು.

ಶುಕ್ರವಾರ ಹುಡುಗಿ ಬಂದಳು, ಕೈಗೆಲ್ಲ ಸೊಪ್ಪಿನ ಕರೆ.

ಅಟ್ಟದ ಮೇಲೆ ನಿನ್ನ ಹಳೇ ಜಾಮಿಟ್ರಿ ಬಾಕ್ಸ್ ಇದೆ, ಹಸಿರು ಬಣ್ಣದ್ದು. ಅವಳಿಗೆ ಕೊಡಲಾ? ಕೇಳದೆ ಕೊಟ್ಟರೆ ಜಗಳಕ್ಕೆ ಬರುತ್ತೀಯ ಅಂತ ಕಾಯುತ್ತಿದ್ದೇನೆ. ಒಳಗೆ ನೀನು ಗೀಚಿದ ಹುಡುಗನ ಹೆಸರೊಂದಿದೆ, ಅದನ್ನು ಉಜ್ಜಿ ತೆಗೆದೇ ಕೊಡುತ್ತೇನೆ.

ಅಮ್ಮ