ಭಾನುವಾರದ ಆಟ: ಸ್ವಂತ ಮೆಕ್ ತರುವವರು ಓದಿ

ಎಲ್ಲರಿಗೂ ನಮಸ್ಕಾರ,

ಈ ಭಾನುವಾರ ಬೆಳಿಗ್ಗೆ 10ಕ್ಕೆ ಜಯನಗರದ ನಮ್ಮ ಮನೆ ಮಹಡಿಯಲ್ಲಿ, ಮೇಜಿನ ಮೇಲೆ ಮೆಕ್ ಎಂಬ ದೈತ್ಯ ಯುದ್ಧ ರೋಬೋಗಳನ್ನು ಕಾದಾಡಿಸುವ ಬ್ಯಾಟಲ್‌ಟೆಕ್ ಆಟ. ಸ್ವಂತ ಮೆಕ್ಕನ್ನು ಶೀಟಿನ ಮೇಲೆ ಕಟ್ಟಿಕೊಂಡು ಬರುವವರಿಗೆ ಮಾತ್ರ ಈ ಸೂಚನೆ. ರೆಡಿ ಶೀಟ್, ಅಂದರೆ ಮೊದಲೇ ತುಂಬಿದ ಮೆಕ್ ವಿವರದ ಹಾಳೆ, ತರುವವರು ಆರಾಮಾಗಿರಿ.

ಹೋದ ಸಲ ಸ್ಲಾಟ್ (ಮೆಕ್ಕಿನ ಪ್ರತಿ ಭಾಗದಲ್ಲಿ ಆಯುಧ, ಕೀಲು ಕೂರುವ ಜಾಗ) ಲೆಕ್ಕದ ಜಗಳದಲ್ಲೇ ಮಧ್ಯಾಹ್ನ ಆಯಿತು, ಅಲ್ವಾ? ಎಲ್ಲಾ ಆ ಎಸಿ/20 ತೋಪಿನ ದೆಸೆಯಿಂದ. ಅದರ ತೂಕ 14 ಟನ್, ಬೇಕಾಗುವುದು 10 ಸ್ಲಾಟ್. ಒಂದು ಕೈಗೆ 12 ಸ್ಲಾಟ್ ಇರುವುದು ನಿಜ. ಆದರೆ ಭುಜ, ತೋಳು, ಮುಂಗೈ, ಹಸ್ತದ ಕೀಲುಗಳೇ 4 ತಿಂದುಬಿಡುತ್ತವೆ. ಮುಂಗೈ, ಹಸ್ತ ಎರಡನ್ನೂ ತೆಗೆದರೆ ಮಾತ್ರ ತೋಪು ಕೂರುತ್ತದೆ. ಅದಕ್ಕೆ ಗುಂಡು ಬೇರೆ ಇಡಬೇಕು, 1 ಟನ್‌ಗೆ ಬರೀ 5 ಸುತ್ತು. ನನ್ನನ್ನು ಕೇಳಿದರೆ 1 ಟನ್, 1 ಸ್ಲಾಟಿನ ಮೀಡಿಯಂ ಲೇಸರೇ ಜಾಸ್ತಿ ಲಾಭ. ಗುಂಡಿನ ಗೊಡವೆಯೇ ಇಲ್ಲ. ಹಾರಿಸಿದಾಗ ಮೆಕ್ಕಿಗೆ ಏರುವ ಬಿಸಿ ಮಾತ್ರ ನೋಡಿಕೊಳ್ಳಿ.

ಪ್ರತಿ ಭಾಗದ ಸ್ಲಾಟ್ ತುಂಬಿ, ಒಟ್ಟು ತೂಕ ಕೂಡಿಸಿ, ಶೀಟಿನ ಫೋಟೋ ಶುಕ್ರವಾರ ರಾತ್ರಿ 9ರೊಳಗೆ ಇಲ್ಲೇ ಹಾಕಿ. ತಡವಾದರೆ ರೆಡಿ ಮೆಕ್ಕೇ ಗತಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಹೇಗೂ ಅಳಿಸಬೇಕಾಗುತ್ತದೆ.

ಬರುವವರು ಇವತ್ತೇ ‘ಬರ್ತೀನಿ’ ಅಂತ ಹಾಕಿಬಿಡಿ. ತಿಂಡಿಗೆ ಹೇಳಬೇಕು.